ಇಂಚರಳ ದಿನಚರಿಯಲ್ಲಿ ನಾನು ಹಾಕಿದ ಅಳುಮುಖಗಳು

ನನಗೊಂದು ಚಟ ಅಂಟಿಕೊಂಡಿದೆ. ಕಾಫಿಯಲ್ಲ, ಎಲೆಯಡಿಕೆಯಲ್ಲ, ಟೀವಿಯೂ ಅಲ್ಲ. ಕಾಲು ಗಂಟೆಗೊಮ್ಮೆ ಗಡಿಯಾರ ನೋಡುವ ಚಟ. ಬೇಳೆ ಬೇಯಿಸುತ್ತಿರಲಿ, ಪಕ್ಕದ ಮನೆಯವರ ಜೊತೆ ಜಗಲಿಯ ಮೇಲೆ ಕೂತಿರಲಿ, ಹದಿನೈದು ನಿಮಿಷ ಆಗುತ್ತಿದ್ದ ಹಾಗೆ ಕತ್ತು ತಾನಾಗಿ ಗೋಡೆಯ ಕಡೆ ತಿರುಗುತ್ತದೆ. ಆಮೇಲೆ ಮನಸ್ಸಿನಲ್ಲೇ ಒಂದು ಸಾಲು ಬರೆದುಕೊಳ್ಳುತ್ತೇನೆ. ‘ಒಂಬತ್ತೂಕಾಲು. ಬೇಳೆ ಬೇಯುತ್ತಿದೆ. ಅಡುಗೆಮನೆ. ಜೊತೆಗೆ ಬೆಕ್ಕು.’ ಮೊನ್ನೆ ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ನಾನು ಛತ್ರದ ಗಡಿಯಾರ ಹುಡುಕುತ್ತಿದ್ದೆ. ಅದನ್ನು ಕಂಡ ನಮ್ಮ ಬೀಗಿತ್ತಿ, “ಬಸ್ಸಿಗೆ ಹೊತ್ತಾಯ್ತೇನ್ರೀ? ಉಂಡ್ಕಂಡಾದ್ರೂ ಹೋಗಿ” ಅಂದರು.

ಈ ಚಟ ಹತ್ತಿಸಿದವಳು ನನ್ನ ಮೊಮ್ಮಗಳು ಇಂಚರ. ಈಗ ಆರು ವರ್ಷ. ಅವಳ ಮಾತು ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ ಎನ್ನುವುದು ನಮ್ಮ ಅಜ್ಜಂಪುರದ ಬೀದಿಗೆಲ್ಲ ಗೊತ್ತು. ನಾನು ಬಾಯಿ ತೆರೆಯುವ ಮೊದಲೇ ಕೆಲವರಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುತ್ತದೆ. ನೀವೂ ಹಾಲಿಟ್ಟಿದ್ದರೆ ಈಗಲೇ ಇಳಿಸಿ ಬನ್ನಿ. ನಾನು ಹೇಳಹೊರಟಿರುವುದು, ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ನಾನು ಸೊಸೆಯ ಕೆಲಸ ಕಳೆಯುವುದರಲ್ಲಿದ್ದೆ ಎಂಬ ಸಂಗತಿ.

ಸೊಸೆ ಪವಿತ್ರ ಬಸ್ ಕಂಡಕ್ಟರ್. ತವರು ತರೀಕೆರೆ. ಕಡೂರಿನಿಂದ ತರೀಕೆರೆಗೆ, ತರೀಕೆರೆಯಿಂದ ಅಜ್ಜಂಪುರಕ್ಕೆ, ಮತ್ತೆ ಹಿಂದಕ್ಕೆ, ದಿನವಿಡೀ ಅವಳ ಓಡಾಟ. ಮನೆಯಲ್ಲಿ ಮೆತ್ತಗೆ ಮಾತಾಡುವ ಹುಡುಗಿ, ಖಾಕಿ ಹಾಕಿದಳೆಂದರೆ ಬೇರೆಯೇ ಹೆಂಗಸು. “ಒಳಗಡೆ ನಡೀರಿ, ಒಳಗಡೆ ನಡೀರಿ, ಬಾಗ್ಲಲ್ಲಿ ತೋರಣ ಕಟ್ತಿದೀರೇನ್ರೀ?” ಎಂದು ಅವಳು ಕೂಗುವುದನ್ನು ಮೊದಲ ಸಲ ಕೇಳಿದಾಗ ಬಾಗಿಲಲ್ಲಿ ನಿಂತಿದ್ದ ನಾನೇ ಹೆದರಿ ಒಳಗೆ ನಡೆದಿದ್ದೆ. ಆಮೇಲೆ ಅವಳು ನನ್ನ ಮುಖ ನೋಡಿ, “ಅಯ್ಯೋ ಅತ್ತೆ, ನೀವಾ?” ಅಂದಳು. ಆ ಕೆಲಸ ಅವಳಿಗೆ ಅಷ್ಟು ಇಷ್ಟ. ಬಸ್ಸಿನಲ್ಲಿ ನಡೆದದ್ದನ್ನು ಸಾಯಂಕಾಲ ಬಂದು ಅವಳು ಹೇಳುವಾಗ ನಮ್ಮ ಯಜಮಾನರು ಮುದ್ದೆ ಮುರಿಯುವುದನ್ನು ಮರೆತು ಕೂರುತ್ತಾರೆ.

ಇಂಚರ ಒಂದೂವರೆ ವರ್ಷದವಳಿದ್ದಾಗ ನಳಿನಿ ಎಂಬ ಹುಡುಗಿ ನಮ್ಮ ಮನೆಗೆ ಬಂದಳು. ದೂರದ ಯಾವುದೋ ಕಾಲೇಜಿನವಳು. ಚಿಕ್ಕ ಮಕ್ಕಳು ದಿನವಿಡೀ ಏನೇನು ಮಾಡುತ್ತವೆ ಎಂದು ಮನೆಯವರ ಕೈಯಲ್ಲಿ ಬರೆಸಿ, ಅವು ಬೆಳೆದ ಹಾಗೆ ವರ್ಷವರ್ಷವೂ ಬರೆಸಿ, ಹೋಲಿಸಿ ನೋಡುವುದು ಅವಳ ಓದು. ನಮ್ಮ ಸೀಮೆಯ ಕೆಲವು ಮನೆಗಳನ್ನು ಆರಿಸಿಕೊಂಡಿದ್ದಳು.

“ಮಗು ಏನ್ ಮಾಡ್ತೈತೆ ಅಂತ ತಿಳ್ಕಳಕೆ ಅಷ್ಟೊಂದ್ ಓದ್ಬೇಕೇನವ್ವಾ?” ಅಂದೆ. “ಉಣ್ತೈತೆ, ಉಚ್ಚೆ ಹೊಯ್ತೈತೆ, ಮಲಗ್ತೈತೆ. ಬರ್ಕ.”

“ಅದನ್ನೇ ಅಜ್ಜಿ, ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ ಅಂತ ಬರೀಬೇಕು,” ಅಂದು ನಕ್ಕಳು.

ಅವಳು ಕೊಟ್ಟ ತೆಳ್ಳನೆಯ ಪುಸ್ತಕದಲ್ಲಿ ಹದಿನೈದು ನಿಮಿಷಕ್ಕೊಂದು ಸಾಲು. ಮಗು ಎದ್ದಾಗಿನಿಂದ ಮಲಗುವವರೆಗೆ ತುಂಬಬೇಕು. ಪ್ರತಿ ಸಾಲಿನ ಕೊನೆಗೆ ಮೂರು ದುಂಡು ಮುಖಗಳು: ಒಂದು ನಗುವುದು, ಒಂದು ಸುಮ್ಮನಿರುವುದು, ಒಂದು ಅಳುವುದು. ಆ ಹೊತ್ತಿನಲ್ಲಿ ಮಗು ಹೇಗಿತ್ತೋ ಆ ಮುಖಕ್ಕೆ ಗುರುತು ಹಾಕಬೇಕು. ಮೂರು ತಿಂಗಳಿಗೊಮ್ಮೆ, ಅವರು ಹೇಳಿದ ಒಂದು ದಿನ. ದಿನದ ಕೊನೆಗೆ ಯಾರು ಬರೆದದ್ದು ಎಂದು ಹೆಸರು ಹಾಕಬೇಕು.

ಬರೆಯುವವರು ಯಾರು? ಪವಿತ್ರ ಬೆಳಗ್ಗೆ ಆರಕ್ಕೆ ಹೊರಟರೆ ಬರುವುದು ಏಳಕ್ಕೆ. ಮಗ ಮಂಜ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿಗೆ ಎಂಟಕ್ಕೆ ಹೋಗುತ್ತಾನೆ. ಯಜಮಾನರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ದೊಡ್ಡ ಅಕ್ಷರ ಬರೆಯಲು ಬರುವುದಿಲ್ಲ. ಉಳಿದವಳು ನಾನು. ನಾನು ಓದಿದ್ದು ಮೂರನೆಯ ಕ್ಲಾಸು, ಅದೂ ನನ್ನ ತವರು ಹಿರೇನಲ್ಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಎರಡನೆಯ ಕ್ಲಾಸಿನಲ್ಲಿ ಮೇಷ್ಟ್ರು ಬಂದ ದಿನಗಳಿಗಿಂತ ಬಾರದ ದಿನಗಳೇ ಹೆಚ್ಚು. ಪೆನ್ನು ಹಿಡಿದು ಐವತ್ತು ವರ್ಷದ ಮೇಲಾಗಿತ್ತು.

ಮೊದಲ ದಿನದ ಪುಸ್ತಕವನ್ನು ನೀವು ನೋಡಬೇಕಿತ್ತು. ‘ಆರು ಗಂಟೆ. ಮಗು ಎದ್ದಿತು. ಎದ್ದು ನನ್ನನ್ನು ನೋಡಿತು. ನಾನೂ ನೋಡಿದೆ. ಯಾಕವ್ವ ಅಂದೆ.’ ಇಷ್ಟಕ್ಕೇ ಮೂರು ಸಾಲು ಮುಗಿದು ಏಳು ಗಂಟೆ ಹತ್ತಿರ ಬಂದಿತ್ತು. ಒಂದು ಸಾಲು ಬರೆಯುವಷ್ಟರಲ್ಲಿ ಮಗು ಮುಂದಿನ ಎರಡು ಸಾಲಿನ ಕೆಲಸ ಮುಗಿಸಿ ಹಿತ್ತಿಲಲ್ಲಿರುತ್ತಿತ್ತು. ಪೆನ್ನು ಹಿಡಿದು ಅದರ ಹಿಂದೆ ನಾನು, ನನ್ನ ಹಿಂದೆ ಬೆಕ್ಕು. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಮೂರು ಮಕ್ಕಳನ್ನು ಸಾಕಿದವಳು ನಾನು, ಒಂದು ಮಗು ಕಾಲು ಗಂಟೆ ಏನು ಮಾಡುತ್ತದೆ ಎಂದು ಒಂದು ದಿನವೂ ಕೂತು ನೋಡಿರಲಿಲ್ಲ. ಆಗ ಹೊಲ, ಕೊಟ್ಟಿಗೆ, ಒಲೆ. ಮಕ್ಕಳು ಬೆಳೆದದ್ದು ನನ್ನ ಬೆನ್ನ ಹಿಂದೆ. ಈಗ ನೋಡಿದರೆ, ಇಂಚರ ಒಂದು ಇರುವೆಯ ಸಾಲಿನ ಮುಂದೆ ಒಂಬತ್ತರಿಂದ ಒಂಬತ್ತೂ ಮುಕ್ಕಾಲರವರೆಗೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದಳು. ಮೂರು ಸಾಲಿಗೂ ‘ಇರುವೆ, ಇರುವೆ, ಅದೇ ಇರುವೆ’ ಎಂದು ಬರೆದೆ. ಇನ್ನೊಂದು ದಿನ ತನ್ನ ನೆರಳಿಗೆ ಚಪ್ಪಲಿ ತೊಡಿಸಲು ಅರ್ಧ ಗಂಟೆ. ನೆರಳು ಕಾಲು ಎತ್ತುವುದಿಲ್ಲ ಎಂದು ಅದಕ್ಕೆ ಬೈಗುಳ.

ಇಲ್ಲಿಯವರೆಗೆ ಎಲ್ಲ ನಿಜವೇ ಬರೆದೆ. ಎಡವಿದ್ದು ಆ ಮೂರು ಮುಖಗಳಲ್ಲಿ.

ನಿಮಗೆ ನನ್ನ ಹೆಸರು ಹೇಳಿಲ್ಲ. ತಿಪ್ಪಮ್ಮ. ನನಗಿಂತ ಮುಂಚೆ ಹುಟ್ಟಿದ ಇಬ್ಬರು ಉಳಿಯಲಿಲ್ಲವಂತೆ. ನಾನು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಒಂದು ಉರುಳು ಉರುಳಿಸಿ, ‘ಇದು ಕಸ, ಯಾರಿಗೂ ಬೇಡದ್ದು’ ಎಂದು ಹೆಸರಿಟ್ಟು ಎತ್ತಿಕೊಂಡರು. ಹಾಗೆ ಮಾಡಿದರೆ ಯಾರ ಕಣ್ಣೂ ಬೀಳುವುದಿಲ್ಲ ಎಂದು. ನಾನು ಉಳಿದೆ, ದುಂಡಗೂ ಆದೆ. ಆದರೆ ಯಾರಾದರೂ ಮನೆಗೆ ಬಂದು “ಮಗು ಹೆಂಗೈತೆ?” ಅಂದರೆ ನಮ್ಮವ್ವ ಮುಖ ಸಪ್ಪಗೆ ಮಾಡಿಕೊಂಡು, “ಏನೋ ಐತೆ ಕಣವ್ವಾ. ಉಣ್ಣದೇ ಇಲ್ಲ, ಬರೀ ಅಳ್ತೈತೆ,” ಅನ್ನುತ್ತಿದ್ದಳು. ಆ ಹೊತ್ತಿಗೆ ನಾನು ಅವಳ ಪಕ್ಕದಲ್ಲೇ ಎರಡನೆಯ ರೊಟ್ಟಿ ತಿನ್ನುತ್ತಾ ಕೂತಿರುತ್ತಿದ್ದೆ.

ಅಪ್ಪನದ್ದೂ ಅದೇ ಬುದ್ಧಿ. ಎಮ್ಮೆದೊಡ್ಡಿಯ ಹುಲ್ಲುಗಾವಲಿನ ತಳಿಯ ಒಂದು ಜೊತೆ ಎತ್ತು ಇತ್ತು ನಮಗೆ. ದಾರಿಯಲ್ಲಿ ಹೋಗುವವರು ನಿಂತು ನೋಡುವಂಥವು. ಒಂದು ಸಲ ದನಗಳ ಲೆಕ್ಕ ಬರೆಯುವವರು ಬಂದು, “ಒಳ್ಳೇ ಎತ್ತು ಕಣಯ್ಯಾ” ಅಂದರು. ಕಣ್ಣು ಬಿತ್ತಲ್ಲ ಎಂದು ಅಪ್ಪ ಹೆದರಿದರು. “ಎಲ್ಲಿ ಸ್ವಾಮೀ, ಮೇವೇ ಮುಟ್ಟಲ್ಲ. ಎಡಗಡೇದು ಕಾಲು ಬೇರೆ ಎಳೀತೈತೆ,” ಅಂದುಬಿಟ್ಟರು. ಪಾಪ, ಅವರು ಒಳ್ಳೆಯ ಜನ. ಎರಡು ದಿನಕ್ಕೆ ದನದ ಡಾಕ್ಟರನ್ನೇ ಕಳಿಸಿದರು. ಗೇಣುದ್ದದ ಸೂಜಿ. ಸುಳ್ಳು ಹೇಳಿದೆ ಎನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ತಾವೇ ಹಗ್ಗ ಹಿಡಿದು ನಿಂತರು. ಇಂಜೆಕ್ಷನ್ ಚುಚ್ಚಿದ ಕೂಡಲೇ ಆ ಕಾಲೆಳೆಯುವ ಎತ್ತು ಅಪ್ಪನನ್ನು ಕೆರೆಯ ಏರಿಯವರೆಗೆ ಎಳೆದುಕೊಂಡು ಹೋಯಿತು. ಆಮೇಲೆ ಮೂರು ದಿನ ಕಾಲೆಳೆದವರು ಅಪ್ಪನೇ.

ಇಂಥ ಮನೆಯಲ್ಲಿ ಬೆಳೆದವಳ ಕೈಗೆ ಮೂರು ಮುಖ ಕೊಟ್ಟು ಗುರುತು ಹಾಕು ಎಂದರೆ ಏನಾಗುತ್ತದೆ? ಈ ಪುಸ್ತಕ ಎಲ್ಲೆಲ್ಲಿಗೆ ಹೋಗುತ್ತದೋ, ಯಾರ್‍ಯಾರ ಕಣ್ಣು ಬೀಳುತ್ತದೋ ಎಂದು ಮೊದಲ ದಿನವೇ ಪೆನ್ನು ತಡೆಯಿತು. ಎರಡು ಪುಟ್ಟ ಮುದ್ದೆ ಉಂಡಿದ್ದರೆ ‘ಅರ್ಧ ಉಂಡಳು’ ಎಂದು ಬರೆದೆ. ಬಿದ್ದು ಬಿದ್ದು ನಕ್ಕಿದ್ದರೆ ಅಳುಮುಖಕ್ಕೆ ಗುರುತು ಹಾಕಿದೆ. ಸ್ವಲ್ಪ ನಕ್ಕಿದ್ದರೆ ಸುಮ್ಮನಿರುವ ಮುಖಕ್ಕೆ. ನಿಜವಾಗಿ ಅತ್ತಾಗ ಮಾತ್ರ ಧೈರ್ಯವಾಗಿ ನಗುವ ಮುಖಕ್ಕೆ ಹಾಕಿದ್ದೂ ಉಂಟು, ಅಳುವ ಮಗುವಿಗೆ ಯಾರು ಕಣ್ಣು ಹಾಕುತ್ತಾರೆ? ಎಲ್ಲಕ್ಕಿಂತ ಹೆದರಿಕೆ ನಾಲ್ಕೂ ಮುಕ್ಕಾಲಿನ ಸಾಲಿಗೆ. ಆ ಹೊತ್ತಿಗೆ ಪವಿತ್ರಳ ಬಸ್ಸು ನಮ್ಮ ಮನೆಯ ಮುಂದೆ ಹಾದು ಹೋಗುತ್ತದೆ. ಇಂಚರ ತಾತನ ಕೈ ಹಿಡಿದು ರಸ್ತೆಯ ಬದಿಯಲ್ಲಿ ನಿಂತಿರುತ್ತಾಳೆ. ಪವಿತ್ರ ಬಾಗಿಲಿಗೆ ಬಂದು ಎರಡು ಸಲ ಸೀಟಿ ಊದುತ್ತಾಳೆ, ಇವಳು ಎರಡು ಕೈಯನ್ನೂ ಬೀಸಿ ಕುಣಿಯುತ್ತಾಳೆ, ಬಸ್ಸಿನೊಳಗಿನ ಜನವೆಲ್ಲ ಕಿಟಕಿಯಿಂದ ಬಗ್ಗಿ ನೋಡುತ್ತಾರೆ. ಒಂದು ಬಸ್ಸಿನಷ್ಟು ಕಣ್ಣು. ಅಲ್ಲಿಂದ ಮುಂದೆ ಎರಡು ಸಾಲು ನಾನು ತಪ್ಪದೇ ಅಳುಮುಖ ಹಾಕುತ್ತಿದ್ದೆ.

ಹೀಗೆ ಎರಡೂವರೆ ವರ್ಷ ನಡೆಯಿತು.

ಇಂಚರಳಿಗೆ ನಾಲ್ಕು ತುಂಬಿದ ಮೇಲೆ, ಒಂದು ಶುಕ್ರವಾರ ನಳಿನಿ ಬಂದಳು. ಇಷ್ಟು ದಿನ ಬರೆದುಕೊಟ್ಟದ್ದಕ್ಕೆ ಪ್ರತಿ ಮನೆಗೂ ಒಂದೊಂದು ಬಣ್ಣದ ಹಾಳೆ ಮಾಡಿಸಿ ತಂದಿದ್ದಳು. ಒಂದು ದಿನಕ್ಕೊಂದು ಪಟ್ಟಿ, ಪಟ್ಟಿಯೊಳಗೆ ಕಾಲು ಗಂಟೆಗೊಂದು ಚೌಕ. ನಗುವಿಗೆ ಹಳದಿ, ಸುಮ್ಮನಿದ್ದದ್ದಕ್ಕೆ ಹಸಿರು, ಅಳುವಿಗೆ ಕೆಂಪು. ನಮ್ಮ ಹಾಳೆ ಮೆಣಸಿನಕಾಯಿ ಒಣಗಲು ಹಾಕಿದ ಚಾಪೆಯ ಹಾಗಿತ್ತು.

“ಇಂಚರಂಗೆ ಹೊಟ್ಟೆನೋವು ಏನಾದ್ರೂ ಬರ್ತಿರುತ್ತಾ ಅಜ್ಜಿ?” ಅಂದಳು ಮೆತ್ತಗೆ.

“ಏನೋ ಐತೆ ಕಣವ್ವಾ,” ಅಂದೆ. ನೋಡಿ, ಆಗಲೂ ಬಾಯಿಗೆ ಬಂದದ್ದು ಅದೇ. ಅತ್ತ ಇಂಚರ ತಾತನನ್ನು ಒರಳುಕಲ್ಲಿನ ಮೇಲೆ ಕೂರಿಸಿ, “ಒಳಗಡೆ ನಡೀರಿ, ತೋರಣ ಕಟ್ತಿದೀರೇನ್ರೀ?” ಎಂದು ಬಸ್ಸಾಟ ಆಡುತ್ತಾ ಮನೆ ಹಾರಿಹೋಗುವ ಹಾಗೆ ನಗುತ್ತಿದ್ದಳು. ನಳಿನಿ ಒಮ್ಮೆ ಹಾಳೆ ನೋಡಿದಳು, ಒಮ್ಮೆ ಮಗುವನ್ನು ನೋಡಿದಳು, ಕಾಫಿ ಕುಡಿದು ಹೋದಳು.

ಸಾಯಂಕಾಲ ಪವಿತ್ರ ಬಂದು ಆ ಹಾಳೆ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. ಅದರಲ್ಲಿ ಎರಡೇ ಎರಡು ಪಟ್ಟಿ ಹಳದಿ. ಅವೆರಡೂ ಬುಧವಾರ ಬಿದ್ದಿದ್ದವು. ಬುಧವಾರ ಅವಳಿಗೆ ವಾರದ ರಜೆ. ಆ ದಿನ ಪುಸ್ತಕ ಬರೆದವಳು ಅವಳೇ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು.

ಊಟಕ್ಕೆ ಕೂತಾಗ, “ಅತ್ತೆ, ನಾನು ಕೆಲ್ಸ ಬಿಡ್ತೀನಿ,” ಅಂದಳು.

ಮಂಜನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

“ನಾನಿದ್ದ ದಿನ ಹಳದಿ. ನಾನಿಲ್ದಿದ್ ದಿನ ಕೆಂಪು. ಬಸ್ಸಿಗೆ ನಗ್ತಾ ಕೈ ಬೀಸ್ತಾಳೆ ಅಂತ ಖುಷಿ ಪಡ್ತಿದ್ದೆ. ಬಸ್ಸು ಮುಂದಕ್ಕೋದ್ಮೇಲೆ ಅರ್ಧ ಗಂಟೆ ಅಳ್ತಾಳೆ ಅಂತ ಇವತ್ತು ಗೊತ್ತಾಯ್ತು. ಯಾರೂ ನಂಗೆ ಹೇಳ್ಲಿಲ್ಲ.”

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. “ಅವೆಲ್ಲ ಸುಳ್ಳು ಕಣವ್ವಾ. ನಾನೇ ಹಂಗ್ ಬರ್ದಿದ್ದು.”

“ನೀವ್ಯಾಕ್ ಸುಳ್ ಬರೀತೀರಿ ಅತ್ತೆ?”

“ದೃಷ್ಟಿ ಆಗ್ತೈತೆ ಅಂತ.”

ಅವಳು ನನ್ನನ್ನು ಕರುಣೆಯಿಂದ ನೋಡಿದಳು. “ನಂಗ್ ಬೇಜಾರಾಗ್ಬಾರ್ದು ಅಂತ ಈಗ ಸುಳ್ ಹೇಳ್ತಿದೀರಿ. ಎರಡೂವರೆ ವರ್ಷ ಒಂದೇ ಸಮ ಕೂತು ಯಾರಾದ್ರೂ ಸುಳ್ ಬರೀತಾರಾ?”

“ನಾನ್ ಸಾಕ್ಷಿ ಕಣಮ್ಮಾ,” ಅಂದರು ಯಜಮಾನರು.

“ಸುಮ್ನಿರಿ ಮಾವ. ಅತ್ತೆ ಮಾತಿಗೆ ನೀವ್ ಯಾವತ್ ಇಲ್ಲ ಅಂದಿದೀರಿ?”

ಆ ರಾತ್ರಿಯೇ ಪವಿತ್ರ ಕೆಲಸ ಬಿಡುವ ಪತ್ರ ಬರೆದು ತನ್ನ ಚೀಲದಲ್ಲಿಟ್ಟಳು. ಸೋಮವಾರ ಡಿಪೋದಲ್ಲಿ ಕೊಡುವುದು ಎಂದಾಯಿತು. ನಾನು ಬಾಯಿಂದ ನೂರು ಸಲ ಹೇಳಿದ ನಿಜಕ್ಕಿಂತ ಕೈಯಿಂದ ಬರೆದ ಸುಳ್ಳಿಗೆ ಅವಳ ಹತ್ತಿರ ಬೆಲೆ ಹೆಚ್ಚಾಗಿತ್ತು. ಮೂರನೆಯ ಕ್ಲಾಸಿನ ಅಕ್ಷರಕ್ಕೆ ಇಷ್ಟು ಶಕ್ತಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಅವಳು ಡ್ಯೂಟಿಗೆ ಹೋದ ಮೇಲೆ ಮಂಜನ ಫೋನಿನಿಂದ ನಳಿನಿಗೆ ಫೋನ್ ಮಾಡಿಸಿ ಎಲ್ಲ ಒಪ್ಪಿಕೊಂಡೆ. ಆ ಕಡೆ ಹಾಳೆ ತಿರುವಿದ ಸದ್ದು ಕೇಳಿಸಿತು. ಆಮೇಲೆ, “ಅಜ್ಜೀ, ನಿಮ್ಮ ಕಡೆ ಎಲ್ರೂ ಹೀಗೇನಾ?” ಅಂದಳು.

“ಸುಮಾರಾಗಿ ಹಂಗೇ ಕಣವ್ವಾ. ಯಾಕೆ?”

“ದೇವನೂರು, ಹಿರೇನಲ್ಲೂರು ಕಡೆ ಅಜ್ಜಿಯರು ಬರೆದ ಪುಸ್ತಕದಲ್ಲೆಲ್ಲ ಮಕ್ಕಳು ಅಳ್ತಾನೇ ಇವೆ. ಅಲ್ಲಿನ ನೀರಲ್ಲಿ ಏನಾದ್ರೂ ಇದೆಯಾ ಅಂತ ನಮ್ಮ ಸರ್ ತಲೆ ಕೆಡಿಸ್ಕೊಂಡಿದಾರೆ.”

ಬೈಯುತ್ತಾಳೆ ಅಂದುಕೊಂಡಿದ್ದೆ. ನಗುತ್ತಾ ನಗುತ್ತಾ ಫೋನ್ ಇಟ್ಟಳು. ಆ ನಗುವಿನಲ್ಲಿ ಸ್ವಲ್ಪ ಅಳುವೂ ಇತ್ತೋ ಏನೋ. ಅಷ್ಟೂ ಮನೆಗಳಿಗೆ ಮತ್ತೆ ಅಲೆಯಬೇಕಲ್ಲ ಆ ಹುಡುಗಿ. ಆದರೆ ನಳಿನಿಯೇ ಫೋನ್ ಮಾಡಿ ಹೇಳಿದರೂ ಪವಿತ್ರ ನಂಬಲಿಲ್ಲ. “ಅತ್ತೆ ಹೇಳ್ಕೊಟ್ಟಿರ್ತಾರೆ,” ಅಂದಳು. ಸಾಯಂಕಾಲ ನಾನು ಬರೆಯದೇ ಉಳಿದಿದ್ದ ಒಂದು ಖಾಲಿ ಪುಸ್ತಕ ತಂದು ಅವಳ ಮುಂದಿಟ್ಟೆ.

“ನಾಳೆ ರಜ ಹಾಕು. ಮಗೀಗೆ ಹೇಳ್ಬೇಡ. ಡ್ಯೂಟಿಗೆ ಹೋಗೋಳಂಗೇ ಹೊರಡು. ಹಿಂದ್ಗಡೆಯಿಂದ ಬಂದು ಈರುಳ್ಳಿ ಶೆಡ್ಡಲ್ಲಿ ಕೂತ್ಕೊ. ನೀನೇ ನೋಡು, ನೀನೇ ಬರಿ.”

ಅವಳು ಪೆನ್ನು ತೆಗೆದುಕೊಂಡಳು.

ಭಾನುವಾರ ಬೆಳಗ್ಗೆ ಆರಕ್ಕೆ ಖಾಕಿ ಹಾಕಿ, ಚೀಲ ನೇತುಹಾಕಿಕೊಂಡು, ಮಗುವಿಗೆ ಮುತ್ತು ಕೊಟ್ಟು ಹೊರಟ ನನ್ನ ಸೊಸೆ ಹಿತ್ತಿಲ ಬೇಲಿ ಹಾರಿ ಈರುಳ್ಳಿ ರಾಶಿಯ ಪಕ್ಕ ಬಂದು ಕೂತಳು. ಮನೆಯ ಮಗ್ಗುಲಿಗಿರುವ ಆ ಶೆಡ್ಡಿನ ಬಿದಿರ ಸಂದಿಯಿಂದ ಹಿತ್ತಿಲು, ಜಗಲಿ, ರಸ್ತೆ ಎಲ್ಲ ಕಾಣುತ್ತದೆ. ಆ ದಿನ ನನಗೆ ಆದ ಹೆದರಿಕೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಮಗು ಇವತ್ತೇ ನಿಜವಾಗಿ ಹಟ ಮಾಡಿದರೆ? ಎಲ್ಲ ಮಕ್ಕಳಿಗೂ ಕೆಟ್ಟ ದಿನ ಅಂತ ಇರುತ್ತದಲ್ಲ. ಏಳು ಗಂಟೆಗೇ ಒಮ್ಮೆ ಎಡವಿ ಬಿದ್ದಳು. ನಾನು ಶೆಡ್ಡಿನ ಕಡೆ ನೋಡಿದೆ. ಎದ್ದು, ಮೊಣಕಾಲು ನೋಡಿಕೊಂಡು, ಎಡವಿದ ಕಲ್ಲಿಗೆ “ಒಳಗಡೆ ನಡಿ” ಎಂದು ಹೇಳಿ ಹೋದಳು. ಹತ್ತಕ್ಕೆ ಇರುವೆ. ಹನ್ನೊಂದಕ್ಕೆ ಬೆಕ್ಕಿಗೆ ಟಿಕೆಟ್. ಮಧ್ಯಾಹ್ನ ಎರಡು ಮುದ್ದೆ ಬಸ್ಸಾರು, ಮೇಲೆ ಮಜ್ಜಿಗೆ. ಅರ್ಧ ಗಂಟೆ ನಿದ್ದೆ.

ಆ ನಿದ್ದೆಯ ಹೊತ್ತಿನಲ್ಲಿ ನಾನು ಒಂದು ತಟ್ಟೆ ಊಟ ಸೆರಗಿನಲ್ಲಿ ಮುಚ್ಚಿಕೊಂಡು ಶೆಡ್ಡಿಗೆ ಹೋದೆ. ಪವಿತ್ರಳ ಕಣ್ಣು ಕೆಂಪಗಾಗಿತ್ತು.

“ಈರುಳ್ಳಿ, ಅತ್ತೆ,” ಅಂದಳು.

“ಈಗ್ ನಂಬ್ತೀಯಾ?”

“ನಂಬ್ದೆ.” ತುತ್ತು ಕಲಸಿದಳು. ಆಮೇಲೆ, “ಬೆಳಗ್ಗೆಯಿಂದ ಒಂದೇ ಒಂದ್ಸಲಾನೂ ಅಮ್ಮ ಎಲ್ಲಿ ಅನ್ಲಿಲ್ವಲ್ಲ ಅತ್ತೆ ಅದು,” ಅಂದಳು.

ಅತ್ತರೆ ಒಂದು ಕಷ್ಟ, ಅಳದಿದ್ದರೆ ಇನ್ನೊಂದು. ಮಗು ಅಳುತ್ತದೆ ಎಂದು ಕೆಲಸ ಬಿಡಲು ಹೊರಟಿದ್ದವಳು, ಈಗ ಮಗುವಿಗೆ ತಾನು ಬೇಕೇ ಇಲ್ಲವೇನೋ ಎಂದು ಕೆಲಸ ಬಿಟ್ಟರೆ? ಚೀಲ ಅವಳ ಪಕ್ಕದಲ್ಲೇ ಇತ್ತು. ಪತ್ರ ಅದರೊಳಗೇ ಇತ್ತು. “ಉಣ್ಣವ್ವಾ, ಇನ್ನೂ ಹೊತ್ತೈತೆ,” ಎಂದಷ್ಟೇ ಹೇಳಿ ಬಂದೆ.

ನಾಲ್ಕೂವರೆಗೆ ಇಂಚರ ತಾನಾಗಿಯೇ ಮುಖ ತೊಳೆದುಕೊಂಡಳು. ಕೂದಲಿಗೆ ನೀರು ಹಚ್ಚಿಕೊಂಡು ತಾತನ ಕೈ ಹಿಡಿದು ರಸ್ತೆಯ ಬದಿಗೆ ನಡೆದಳು. ನಾನು ಬಾಗಿಲಲ್ಲಿ ನಿಂತೆ. ಆಗ ನನಗೆ ಹೊಳೆಯಿತು, ಪವಿತ್ರ ಇಲ್ಲದ ಬಸ್ಸು ಬಂದರೆ ಏನು ಗತಿ ಎಂದು ನಾವು ಯಾರೂ ಯೋಚಿಸಿಯೇ ಇರಲಿಲ್ಲ. ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ಬಂತು. ಇಂಚರ ಎರಡು ಕೈ ಎತ್ತಿದಳು. ಬಾಗಿಲಲ್ಲಿ ನಿಂತಿದ್ದವರು ಬೇರೆ ಯಾರೋ ಮೀಸೆಯ ಕಂಡಕ್ಟರ್.

ಎತ್ತಿದ ಕೈಗಳು ಹಾಗೇ ನಿಂತವು. ತಾತ ಕೈ ಅಡ್ಡ ಹಿಡಿದರು, ಬಸ್ಸು ನಿಂತಿತು.

“ಇದು ನಮ್ಮಮ್ಮನ್ ಬಸ್ಸು. ನೀವ್ಯಾಕ್ ತಂದ್ರಿ?” ಅಂದಳು ಇಂಚರ.

“ನಿಮ್ಮಮ್ಮ ಇವತ್ತು ರಜ ಕಣಮ್ಮಾ,” ಅಂದರು ಅವರು. ಪಾಪ, ಇದ್ದದ್ದನ್ನು ಹೇಳಿದರು.

“ಇಲ್ಲ, ಖಾಕಿ ಹಾಕ್ಕಂಡ್ ಹೋಗೈತೆ. ಎಲ್ಲಿ ಬಿಟ್ ಬಂದ್ರಿ ಹೇಳಿ.”

ಅವರು ಸೀಟಿ ಊದಿದರು. ಬಸ್ಸು ಹೊರಟಿತು. ಆಗ ಶುರುವಾಯಿತು ಅಳು. ಎರಡೂವರೆ ವರ್ಷ ನಾನು ಸುಳ್ಳು ಸುಳ್ಳೇ ಗುರುತು ಹಾಕಿದ ಅಷ್ಟೂ ಅಳು ಒಟ್ಟಿಗೆ ಬಂದ ಹಾಗೆ. ರಸ್ತೆಯ ಮಣ್ಣಿನಲ್ಲಿ ಕೂತು, ಹೋಗುತ್ತಿದ್ದ ಬಸ್ಸಿನ ಕಡೆ ಕೈ ಚಾಚಿ. ತಾತ ಎತ್ತಿಕೊಳ್ಳಲು ಹೋದರೆ ಒದೆ.

ಶೆಡ್ಡಿನಿಂದ ಪವಿತ್ರ ಓಡಿ ಬಂದಳು. ಖಾಕಿಗೆಲ್ಲ ಈರುಳ್ಳಿ ಸಿಪ್ಪೆ, ತಲೆಯಲ್ಲಿ ಜೇಡರ ಬಲೆ. ಮಗುವನ್ನು ಬಾಚಿ ಎತ್ತಿಕೊಂಡಳು. ಇಂಚರ ಬಿಕ್ಕುತ್ತಲೇ ಅಮ್ಮನ ಮುಖ ನೋಡಿ, ಖಾಕಿ ನೋಡಿ, ಸಿಪ್ಪೆ ನೋಡಿ, ಖಾಲಿ ರಸ್ತೆ ನೋಡಿದಳು.

“ನೀನ್ ಇಲ್ಯಾಕಿದೀಯಾ? ಜನಕ್ಕೆ ಟಿಕೆಟ್ ಯಾರ್ ಕೊಡ್ತಾರೆ?” ಎಂದು ಕೇಳಿ ಮತ್ತೆ ದನಿ ತೆಗೆದಳು.

ಪವಿತ್ರ ಅವಳನ್ನು ಹೊತ್ತುಕೊಂಡೇ ರಸ್ತೆಯ ಬದಿಯಲ್ಲಿ ಬಹಳ ಹೊತ್ತು ನಿಂತಿದ್ದಳು. “ನಾಳೆ ಬತ್ತೀನಿ ಕಣೇ. ನಾಳೆ ನಾನೇ ಬತ್ತೀನಿ,” ಎಂದು ಹೇಳುತ್ತಲೇ ಇದ್ದಳು. ನಾವಿಬ್ಬರು ಮುದುಕರು ಹತ್ತಿರ ಹೋಗಲಿಲ್ಲ.

ಸೋಮವಾರ ಬೆಳಗ್ಗೆ ಆರಕ್ಕೆ ಅವಳು ಚೀಲ ನೇತುಹಾಕಿಕೊಂಡು ಡ್ಯೂಟಿಗೆ ಹೊರಟಳು. ಪತ್ರದ ವಿಚಾರ ನಾನು ಕೇಳಲಿಲ್ಲ, ಕೇಳುವ ಧೈರ್ಯವಾಗಲಿಲ್ಲ. ಅವಳು ಹೋದ ಮೇಲೆ ಜಗಲಿಯ ಮೇಲಿದ್ದ ಪುಸ್ತಕ ತೆಗೆದು ಬೆರಳಿಟ್ಟು ಓದಿದೆ. ಎಲ್ಲ ಸಾಲಿಗೂ ನಗುವ ಮುಖ. ಕೆಳಗೆ ಒಂದೇ ಒಂದು ಅಳುಮುಖ, ಅದರ ಪಕ್ಕದಲ್ಲಿ ಅವಳ ದುಂಡು ಅಕ್ಷರ:

‘ನಾಲ್ಕೂ ಮುಕ್ಕಾಲು. ರಸ್ತೆಯ ಬದಿ. ತಾತನ ಜೊತೆ. ತುಂಬಾ ಅತ್ತಳು. ಕಾರಣ: ಅಮ್ಮ ಡ್ಯೂಟಿಗೆ ಹೋಗಿರಲಿಲ್ಲ.’